ಏಷ್ಯಾದ ಪಾಸ್‌ಪೋರ್ಟ್ ಕೇಳಿದ ಓದುಗರಿಗೆ

ಆಫ್ರಿಕಾದಿಂದ ಗುಲಾಮರಾಗಿ ಒಯ್ದವರ ವಂಶದ ಅಮೆರಿಕದ ಗಾಯಕಿ ಸಿಯಾರಾ 2025ರ ಜುಲೈನಲ್ಲಿ ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ಪೌರತ್ವ ಪಡೆದರು. ಆ ಫೋಟೊಗೆ ನಾವು ‘ಆಫ್ರಿಕಾದ ಪೌರತ್ವ ಪಡೆದ ಗಾಯಕಿ’ ಎಂದು ಅಡಿಬರಹ ಹಾಕಿದ್ದೆವು. ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: ‘ಆಫ್ರಿಕಾದ ಪೌರತ್ವ ಅಂತ ಒಂದಿದೆಯಾ? ಹಾಗಿದ್ರೆ ನನಗೊಂದು ಏಷ್ಯಾದ ಪಾಸ್‌ಪೋರ್ಟ್ ಕೊಡಿಸಿ. ಅಷ್ಟಕ್ಕೂ ಇನ್ನೂರು ಮುನ್ನೂರು ವರ್ಷದ ಹಿಂದಿನ ಊರನ್ನು ಈ ತಾರೆಯರು ಈಗ ಹುಡುಕೋದು ಸುಮ್ನೆ ಪ್ರಚಾರಕ್ಕೆ ಅಲ್ವಾ?’

ಪ್ರಿಯ ಓದುಗರೇ,

ಮೊದಲ ಏಟು ಸರಿಯಾಗಿಯೇ ಬಿದ್ದಿದೆ. 54 ದೇಶಗಳನ್ನು ಒಂದೇ ಊರು ಮಾಡಿಬಿಟ್ಟೆವು. ಸುದ್ದಿ ಅಮೆರಿಕದಿಂದ ಬಂದಿತ್ತು, ಅಲ್ಲಿನ ಚಾಳಿಯೂ ಜೊತೆಗೇ ಬಂತು. ಆದರೆ ಅಡಿಬರಹ ಬರೆದದ್ದು ನಮ್ಮ ಮೇಜಿನಲ್ಲಿ, ಕನ್ನಡದಲ್ಲಿ. ತಪ್ಪು ನಮ್ಮದೇ.

ಎರಡನೇ ಮಾತನ್ನು ಮಾತ್ರ ಒಪ್ಪಲಾರೆ. ನಮ್ಮಲ್ಲಿ ಮುತ್ತಜ್ಜನ ಹೆಸರು ಮರೆತವರಿಗೂ ಮನೆದೇವರು ಯಾರೆಂದು ಗೊತ್ತಿರುತ್ತದೆ. ಆ ಎಳೆ ಹಿಡಿದು ಹೋದರೆ ಯಾವುದೋ ಊರಿನ ಗುಡಿ ಸಿಗುತ್ತದೆ. ಅಮೆರಿಕದ ಕಪ್ಪು ಜನರಿಗೆ ಆ ಎಳೆಯನ್ನೇ ಕತ್ತರಿಸಿದ್ದರು. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರದ್ದು ಬೇರೆ ಪಟ್ಟಿ. ಮೇಲೆ ಒಡೆಯನ ಹೆಸರು. ಕೆಳಗೆ ಸಾಲುಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರು ಬರೆಯುವ ಗೋಜಿಗೆ ಸಾಮಾನ್ಯವಾಗಿ ಹೋಗುತ್ತಿರಲಿಲ್ಲ. ಇವರಲ್ಲಿ ಬಹುಪಾಲು ಜನ ಹೆಸರಿನೊಂದಿಗೆ ಗಣತಿಗೆ ಬಂದಿದ್ದೇ 1870ರಲ್ಲಿ. ವಂಶ ಹುಡುಕುವವರು ಆ ಇಸವಿಯನ್ನು ಗೋಡೆ ಎಂದೇ ಕರೆಯುತ್ತಾರೆ. ಗೋಡೆಯಾಚೆ ಇಣುಕಲು ಯಾರೋ ಒಂದಿಷ್ಟು ಎಂಜಲು ಕೊಟ್ಟು ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡರೆ ನಗುವುದು ಹೇಗೆ?

ನನಗೆ ತಕರಾರಿರುವುದು ಅದನ್ನು ಟಿವಿ ತೋರಿಸುವ ರೀತಿಯ ಮೇಲೆ. 2005ರಲ್ಲಿ ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ದಕ್ಷಿಣ ಆಫ್ರಿಕಾಕ್ಕೆ ಹೋಗಿ ತಾನು ಅಲ್ಲಿನ ಜುಲು ಜನಾಂಗದವಳು ಎಂದರು. ಮರುವರ್ಷ ಪ್ರಾಧ್ಯಾಪಕ ಹೆನ್ರಿ ಲೂಯಿಸ್ ಗೇಟ್ಸ್ ಅವರ ಟಿವಿ ಸರಣಿಯಲ್ಲಿ ಓಪ್ರಾ ಅವರ ಡಿಎನ್‌ಎ ಪರೀಕ್ಷೆಯ ಫಲ ಬಂತು: ಹೊಂದಿಕೆಯಾದದ್ದು ಪಶ್ಚಿಮ ಆಫ್ರಿಕಾದ ಲೈಬೀರಿಯಾದ ಕ್ಪೆಲ್ಲೆ ಜನರ ಜೊತೆ. ಖಂಡದ ಆ ತುದಿ ಎಲ್ಲಿ, ಈ ಬದಿ ಎಲ್ಲಿ! ಅಮೆರಿಕಕ್ಕೆ ಹೋದ ಗುಲಾಮರ ಹಡಗುಗಳು ಹೆಚ್ಚಾಗಿ ಹೊರಟಿದ್ದು ಸೆನೆಗಲ್‌ನಿಂದ ಅಂಗೋಲಾದವರೆಗಿನ ಪಶ್ಚಿಮ ಕರಾವಳಿಯಿಂದ. ಮತ್ತೆ ಜುಲು ಯಾಕೆ ಬಂತು? ನನ್ನ ಊಹೆ ಇಷ್ಟೇ, ಅಮೆರಿಕನ್ನರು ಕೇಳಿದ್ದ ಹೆಸರು ಅದು. ಕ್ಪೆಲ್ಲೆ ಯಾರಿಗೆ ಗೊತ್ತು? ಇನ್ನು ಆ ಪರೀಕ್ಷೆ ಹಿಡಿಯುವುದೂ ತಾಯಿ, ತಾಯಿಯ ತಾಯಿ, ಅವಳ ತಾಯಿ ಎಂಬ ಒಂದೇ ಎಳೆಯನ್ನು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಲೆಕ್ಕಕ್ಕೆ 1024 ಪೂರ್ವಜರು. ಕ್ಯಾಮೆರಾ ಮುಂದೆ ಕಣ್ಣೀರು ಬರುವುದು ಒಬ್ಬಳ ಹೆಸರಿನಲ್ಲಿ.

ಗುಲಾಮರ ವಂಶದವರನ್ನು ತವರಿಗೆ ಕರೆಯುತ್ತ ಪಶ್ಚಿಮ ಆಫ್ರಿಕಾದ ಘಾನಾ 2019ನ್ನು ‘ಮರಳುವ ವರ್ಷ’ ಎಂದು ಆಚರಿಸಿದ್ದು ನೆನಪಿರಬಹುದು. ವರ್ಜೀನಿಯಾಕ್ಕೆ 1619ರಲ್ಲಿ 20 ಚಿಲ್ಲರೆ ಸೆರೆಯಾಳುಗಳು ಬಂದಿಳಿದು 400 ವರ್ಷವಾಯಿತು ಎಂಬುದು ನೆಪ. ಅವರು ಬಂದದ್ದು ಘಾನಾದಿಂದಲ್ಲ, ಅಂಗೋಲಾ ಕಡೆಯಿಂದ!

ಬೆನಿನ್ ಈ ಗೊಂದಲಕ್ಕೆ ತಲೆ ಕೆಡಿಸಿಕೊಂಡಿಲ್ಲ. 2024ರ ಅದರ ಕಾನೂನಿನ ಪ್ರಕಾರ, ಪೂರ್ವಜರನ್ನು ಸಹಾರಾದ ದಕ್ಷಿಣಕ್ಕೆ ಎಲ್ಲಿಂದ ಗುಲಾಮರಾಗಿ ಹೊತ್ತೊಯ್ದಿದ್ದರೂ ಸರಿ, ಪೌರತ್ವ ಕೇಳಬಹುದು. ಆ ದೇಶಕ್ಕೆ ಬೇರೆಯದೇ ಒಂದು ಭಾರವೂ ಇದೆ. ಅಲ್ಲಿ ಆಳಿದ ಡಹೋಮಿ ರಾಜರು ಅಕ್ಕಪಕ್ಕದ ಜನರನ್ನು ಸೆರೆ ಹಿಡಿದು ಯುರೋಪಿನ ವ್ಯಾಪಾರಿಗಳಿಗೆ ಮಾರಿದ್ದರು. 1999ರಲ್ಲಿ ಆಗಿನ ಅಧ್ಯಕ್ಷ ಮಾಥ್ಯೂ ಕೆರೆಕು ಅಮೆರಿಕದ ಬಾಲ್ಟಿಮೋರ್‌ನ ಚರ್ಚೊಂದರಲ್ಲಿ ಮಂಡಿಯೂರಿ ಕ್ಷಮೆ ಕೇಳಿದರು. ತವರಿಗೆ ಬಂದ ಮಗಳ ಕಥೆಯಲ್ಲಿ ಇದನ್ನು ಎಲ್ಲಿ ತುರುಕುವುದು? ಟಿವಿ ಮೆಲ್ಲಗೆ ದಾಟಿಕೊಂಡು ಹೋಗುತ್ತದೆ.

ನೀವು ಶಿರಸಿಯವರಾದ್ದರಿಂದ ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಬಗ್ಗೆ ನಾವು ಬರೆಯುವಾಗಲೂ ಮೊದಲು ದಮಾಮಿ ಕುಣಿತದ ಫೋಟೊ, ಆಮೇಲೆ ‘ಆಫ್ರಿಕಾ ಮೂಲದವರು’ ಎಂಬ ಸಾಲು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು, ಅರಣ್ಯ ಜಮೀನಿನ ಹಕ್ಕು, ಇವೆಲ್ಲ ಕೊನೇ ಪ್ಯಾರಾಕ್ಕೆ. ಅದೂ ಜಾಗ ಉಳಿದರೆ.

ಅಡಿಬರಹವನ್ನು ಈ ಸಂಚಿಕೆಯಲ್ಲಿ ತಿದ್ದಿದ್ದೇವೆ: ‘ಬೆನಿನ್ ಪೌರತ್ವ ಪಡೆದ ಗಾಯಕಿ’. ಏಷ್ಯಾದ ಪಾಸ್‌ಪೋರ್ಟ್ ಮಾತ್ರ ನಮ್ಮ ಕೈಲಾಗದು.

– ಸಂಪಾದಕ