ಸಮರ್ಕಂದದಲ್ಲಿ ತಾಜಿಕರ ಮನೆ ಬಾಡಿಗೆಗೆ ಹಿಡಿಯಬಹುದಾ?

ಮೆಡಿಕಲ್ ಓದಲು ಸಮರ್ಕಂದಕ್ಕೆ ಹೊರಟಿದ್ದೀರಿ. ಆ ಊರಿರುವ ಉಜ್ಬೆಕಿಸ್ತಾನದಲ್ಲಿ ತಾಜಿಕರು, ಅಂದರೆ ಪಕ್ಕದ ತಾಜಿಕಿಸ್ತಾನದಲ್ಲೂ ಇರುವ ಜನ, ಹೊರಗಿನವರಂತೆ, ಹಾಗಾದ್ರೆ ಉಜ್ಬೆಕ್ ಮನೆ ನೋಡಲಾ, ತಾಜಿಕ್ ಮನೆ ನೋಡಲಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ಹೋಗಿದ್ದೆ.

ಮೊದಲ ವರ್ಷ ಹಳೇ ಊರಿನ ಒಂದು ಅಂಗಳದ ಮನೆಯಲ್ಲಿ ರೂಮು ಸಿಕ್ಕಿತು. ಮನೆಯ ಅಜ್ಜಿಯನ್ನು ಎಲ್ಲರೂ ಬೀಬಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮನೆಯೊಳಗೆ ತಾಜಿಕ್, ಗೇಟು ದಾಟಿದರೆ ಉಜ್ಬೆಕ್, ನನ್ನ ಜೊತೆ ರಷ್ಯನ್. ತಾಜಿಕ್ ಅಂದರೆ ಫಾರ್ಸಿಯದೇ ಒಂದು ರೂಪ. ನಮ್ಮ ಜಮೀನು, ಖುಷಿ, ಬಜಾರು ಎಲ್ಲ ಅಲ್ಲೂ ಕಿವಿಗೆ ಬೀಳುತ್ತವೆ. ಬಜಾರು ಬೀಬಿಯ ಬಾಯಲ್ಲಿ ಬೋಝೋರ್. ರಜೆಗೆ ಊರಿಗೆ ಹೊರಟ ದಿನ ಬೀಬಿ ಒಂದು ದುಂಡು ರೊಟ್ಟಿ ತಂದು, ಒಂದು ತುಂಡು ಕಚ್ಚು ಅಂದರು. ಉಳಿದ ರೊಟ್ಟಿಯನ್ನು ಅಡುಗೆಮನೆ ಗೋಡೆಗೆ ತೂಗುಹಾಕಿದರು. ಹೋದವನು ವಾಪಸ್ ಬಂದು ಅದನ್ನು ತಿಂದು ಮುಗಿಸಬೇಕು, ಅಲ್ಲಿನ ರೂಢಿ ಅದು. ಎರಡು ತಿಂಗಳ ನಂತರ ಬಂದಾಗ ನನ್ನ ಹಲ್ಲಿನ ಗುರುತು ಹಾಗೇ ಇತ್ತು.

ಆಮೇಲೆ ತಪ್ಪು ಮಾಡಿದೆ. ಒಂದು ಸಂಜೆ ನೆಂಟರೆಲ್ಲ ಸೇರಿದ್ದರು. ಸರ್ಕಾರಿ ನೌಕರಿಯಲ್ಲಿದ್ದ ಬೀಬಿಯ ಮಗ ತಮ್ಮ ಮೇಲಧಿಕಾರಿಯನ್ನೂ ಕರೆದಿದ್ದರು. ನಾನು ಆ ವಾರವಷ್ಟೇ ಇತಿಹಾಸ ಓದಿದ್ದೆ. 1924ರಲ್ಲಿ ಸೋವಿಯತ್ ಸರ್ಕಾರ ಗಡಿ ಎಳೆದಾಗ ಸಮರ್ಕಂದ, ಬುಖಾರಾ ಎರಡೂ ಉಜ್ಬೆಕ್ ಗಣರಾಜ್ಯಕ್ಕೆ ಹೋದವು. 1929ರಲ್ಲಿ ತಾಜಿಕರಿಗೆ ಬೇರೆ ಗಣರಾಜ್ಯ ಆಯಿತು, ಆಗಲೂ ಈ ಊರುಗಳು ಸೇರಲಿಲ್ಲ. ಮನೆಯಲ್ಲಿ ತಾಜಿಕ್ ಆಡುವ ಎಷ್ಟೋ ಜನ ದಾಖಲೆಯಲ್ಲಿ ಉಜ್ಬೆಕರಾದರು. ಇದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು, ಊಟದ ನಡುವೆ ಬೀಬಿಯ ಮಗನನ್ನು ಕೇಳಿಬಿಟ್ಟೆ: "ಅಕಾ, ನೀವು ನಿಜವಾಗಿ ತಾಜಿಕರು ಅಲ್ವಾ? ಕಾಗದದಲ್ಲಿ ಯಾಕೆ ಉಜ್ಬೆಕ್ ಅಂತ ಬರೆಸಿದ್ದೀರಿ?" ಅಕಾ ಅಂದರೆ ಅಣ್ಣ.

ಯಾರೂ ಮಾತಾಡಲಿಲ್ಲ. ಅಕಾ ನನ್ನ ಬಟ್ಟಲಿಗೆ ಚಹಾ ಸುರಿದು, ಓದು ಹೇಗಿದೆ ಅಂತ ಕೇಳಿದರು.

ಮೇಲಧಿಕಾರಿ ಎದುರು ಕೇಳಿದ್ದು ತಪ್ಪು. ರಷ್ಯನ್‌ನಲ್ಲಿ ಕೇಳಿದ್ದರಿಂದ ಎಲ್ಲರಿಗೂ ಅರ್ಥವಾಗಿದ್ದು ಇನ್ನೂ ಕೆಟ್ಟದ್ದು. ಆದರೆ ಜಾಸ್ತಿ ನೋಯಿಸಿದ್ದು 'ನಿಜವಾಗಿ' ಅನ್ನೋ ಮಾತು. ಅಕಾ ಅವರ ಹೆಂಡತಿ ಉಜ್ಬೆಕ್ ಮನೆಯವರು. ಮಕ್ಕಳು ಎರಡೂ ಭಾಷೆ ಆಡುತ್ತಾರೆ. ಆ ಮಕ್ಕಳ ಮುಂದೆ, ನಿಮ್ಮಪ್ಪನ ಬದುಕಿನಲ್ಲಿ ಅರ್ಧ ಸುಳ್ಳು ಅಂದ ಹಾಗಾಯಿತು. ಇದು ನನಗೆ ಗೊತ್ತಿರಬೇಕಿತ್ತು. ನಾನು ಕಾಸರಗೋಡಿನವನು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, 1956ರಿಂದ ಕೇರಳ. "ನೀನು ನಿಜವಾಗಿ ಯಾರು?" ಅಂತ ಕೇಳಿಸಿಕೊಂಡೇ ಬೆಳೆದವನು.

ತಿಂಗಳ ಕೊನೆಗೆ, ನೆಂಟರು ಬರುತ್ತಾರೆ, ರೂಮು ಬೇಕು ಅಂದರು. ಬೀಬಿ ಬಾಗಿಲವರೆಗೆ ಬಂದರು, ಏನೂ ಹೇಳಲಿಲ್ಲ.

ಹಾಗಾಗಿ ತಾಜಿಕ್ ಮನೆಯಾ, ಉಜ್ಬೆಕ್ ಮನೆಯಾ ಅನ್ನೋ ಲೆಕ್ಕವನ್ನೇ ಬಿಡಿ. ಒಂದೇ ಮನೆಯಲ್ಲಿ ಎರಡೂ ಇರುತ್ತದೆ. ಹೊರಗಿನವರು ಅನ್ನೋದಂತೂ ಶುದ್ಧ ತಪ್ಪು. ಸಾವಿರ ವರ್ಷಕ್ಕೂ ಹಿಂದಿನ ಫಾರ್ಸಿಯ ಆದಿಕವಿ ರೂದಕಿ ಹುಟ್ಟಿದ್ದು ಪಕ್ಕದ, ಈಗ ತಾಜಿಕಿಸ್ತಾನದಲ್ಲಿರುವ ಪಂಜಕೆಂತ್ ಸೀಮೆಯಲ್ಲಿ, ಹಾಡಿದ್ದು ಬುಖಾರಾದ ಆಸ್ಥಾನದಲ್ಲಿ. ಈ ನೆಲದಲ್ಲಿ ತಾಜಿಕರ ಬೇರು ಅಷ್ಟು ಹಳೆಯದು. ಕಷ್ಟ ಇಲ್ಲ ಅಂತಲ್ಲ. ಸರ್ಕಾರಿ ಕೆಲಸಕ್ಕೆ ಉಜ್ಬೆಕ್ ಭಾಷೆ ಬೇಕೇ ಬೇಕು. ಉಜ್ಬೆಕಿಸ್ತಾನ, ತಾಜಿಕಿಸ್ತಾನಗಳ ಜಗಳದಲ್ಲಿ ಸಮರ್ಕಂದ–ಪಂಜಕೆಂತ್ ಗಡಿ ವರ್ಷಗಟ್ಟಲೆ ಮುಚ್ಚಿತ್ತು, ತೆರೆದದ್ದು 2018ರಲ್ಲಿ. ಅಷ್ಟು ಹತ್ತಿರದ ನೆಂಟರ ಮನೆಗೆ ದೂರದ ದಾರಿ ಸುತ್ತಿ ಹೋಗಬೇಕಿತ್ತು. ಅದನ್ನು ಅವರಾಗೇ ಹೇಳಿದರೆ ಕೇಳಿ, ನೀವಾಗಿ ಕೆದಕಬೇಡಿ.

ಬಾಡಿಗೆ, ಕಾಲೇಜಿನ ದೂರ, ಚಳಿಗಾಲದ ಹೀಟರ್ ನೋಡಿ ಮನೆ ಹಿಡಿಯಿರಿ. ರೊಟ್ಟಿಯನ್ನು ಬೋರಲು ಇಡಬೇಡಿ, ಅಲ್ಲಿ ಅದು ಅಗೌರವ. ರಜೆಗೆ ಹೊರಟಾಗ ಯಾರಾದರೂ ರೊಟ್ಟಿ ಮುಂದೆ ಹಿಡಿದರೆ, ಕಚ್ಚಿ ಕೊಟ್ಟು ಬನ್ನಿ.