ಓದುಗರ ಪ್ರಶ್ನೆ: ವೆಸ್ಟ್ ಪಾಯಿಂಟ್ ತಂಡಕ್ಕೆ ಹೊಸ ಕೋಚ್ ಬಂದ ಮೇಲೆ

ಪ್ರಶ್ನೆ: ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ‘ಆರ್ಮಿ’ ತಂಡಕ್ಕೆ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್) ಜೆಫ್ ಮಾಂಕನ್ ಕೋಚ್ ಆಗಿ ಬಂದ 2014ರಲ್ಲಿ ನಾಲ್ಕು ಗೆಲುವು, ಎಂಟು ಸೋಲು. ಮರುವರ್ಷ ಎರಡೇ ಗೆಲುವು. ಆದರೂ ಅವರನ್ನು ಉಳಿಸಿಕೊಂಡರಲ್ಲ, ಯಾಕೆ?
– ಓದುಗರು, ಧಾರವಾಡ

ಉತ್ತರ: ಗೆಲುವು ಸೋಲಿನ ಲೆಕ್ಕವೊಂದನ್ನೇ ನೋಡಿದರೆ ಉಳಿಸಿಕೊಳ್ಳಲು ಕಾರಣ ಸಿಗುವುದಿಲ್ಲ. 2014ರಲ್ಲಿ ಬಫಲೋ ತಂಡವನ್ನು 47-39ರಿಂದ ಸೋಲಿಸಿ ಶುರುಮಾಡಿದ ಆರ್ಮಿ, ಅದೇ ತಿಂಗಳು ಕ್ರೀಡಾ ವಿದ್ಯಾರ್ಥಿವೇತನವನ್ನೇ ಕೊಡದ ಯೇಲ್ ವಿಶ್ವವಿದ್ಯಾಲಯದ ಎದುರು ಹೆಚ್ಚುವರಿ ಅವಧಿಯಲ್ಲಿ 49-43ರಿಂದ ಸೋತಿತು. ದಾಳಿ ನಡೆಯುತ್ತಿತ್ತು, ರಕ್ಷಣೆ ಸೋರುತ್ತಿತ್ತು. 2015ರ ಹತ್ತು ಸೋಲುಗಳನ್ನು ಬಿಡಿಸಿ ನೋಡಿ: ಏಳರಲ್ಲಿ ಅಂತರ ಏಳು ಅಂಕ ಅಥವಾ ಅದಕ್ಕಿಂತ ಕಡಿಮೆ, ಅಂದರೆ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವ ಒಂದೇ ಟಚ್‌ಡೌನ್‌ನಷ್ಟು. ಪೆನ್ ಸ್ಟೇಟ್‌ನಂಥ ದೊಡ್ಡ ತಂಡದ ಎದುರೂ 20-14. ತಂಡ ಹತ್ತಿರ ಬರುತ್ತಿತ್ತು.

ಬೇರೆ ಕಾಲೇಜಿಗೆ ಹೊಸ ಕೋಚ್ ಬಂದರೆ, ಪಳಗಿದ ಆಟಗಾರರನ್ನು ಬೇರೆಡೆಯಿಂದ ಕರೆತಂದು ಒಂದೇ ವರ್ಷದಲ್ಲಿ ತಂಡದ ಮುಖ ಬದಲಿಸಬಹುದು. ವೆಸ್ಟ್ ಪಾಯಿಂಟ್‌ನಲ್ಲಿ ಆ ದಾರಿ ಮುಚ್ಚಿದಂತೆಯೇ. ಬೇರೆ ಕಾಲೇಜಿನಲ್ಲಿ ಎರಡು ವರ್ಷ ಓದಿ ಬಂದವನೂ ಇಲ್ಲಿ ಮೊದಲ ವರ್ಷದ ಕೆಡೆಟ್ ಆಗಿಯೇ ಶುರುಮಾಡಬೇಕು. ಪದವಿಯ ನಂತರ ಐದು ವರ್ಷ ಸೇನೆಯಲ್ಲಿ ದುಡಿಯಬೇಕು. ಬೇಸಿಗೆಯ ಒಂದಷ್ಟು ವಾರ ಸೈನಿಕ ತರಬೇತಿಗೆ ಹೋಗುತ್ತದೆ. ಆದ್ದರಿಂದ ಹೈಸ್ಕೂಲು ಮುಗಿಸಿದ ಹುಡುಗರನ್ನು ಹುಡುಕಿ ತಂದು, ಅವರು ಬಲಿಯುವವರೆಗೆ ಕಾಯಬೇಕು. 2014ರಲ್ಲಿ ಅಕಾಡೆಮಿಗೆ ಸೇರಿದವರು ಕೊನೆಯ ವರ್ಷಕ್ಕೆ ಬಂದದ್ದು 2017ರಲ್ಲಿ. 2016ರಲ್ಲಿ ಎಂಟು ಗೆಲುವು. 14 ವರ್ಷ ಸತತ ಸೋತಿದ್ದ, ನೌಕಾ ಅಕಾಡೆಮಿಯ ‘ನೇವಿ’ ತಂಡದ ಎದುರು 21-17ರ ಜಯ. 2017ರಲ್ಲಿ ಹತ್ತು ಗೆಲುವು, 1996ರ ನಂತರ ಮೊದಲ ಬಾರಿಗೆ, ಸೇನೆ, ನೌಕಾಪಡೆ, ವಾಯುಪಡೆ ಅಕಾಡೆಮಿಗಳ ನಡುವಿನ ಕಮಾಂಡರ್-ಇನ್-ಚೀಫ್ ಟ್ರೋಫಿ. ಸೇನಾ ಅಕಾಡೆಮಿಯ ಕೋಚ್‌ನನ್ನು ಮೂರನೇ ವರ್ಷಕ್ಕೆ ಮೊದಲು ತೂಗುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಪ್ರಶ್ನೆ: ಮಾಂಕನ್ ಆಡಿಸುವ ‘ಟ್ರಿಪಲ್ ಆಪ್ಷನ್’ ಹೇಗೆ ಕೆಲಸ ಮಾಡುತ್ತದೆ? ಚೆಂಡು ಅಷ್ಟು ಸಲ ಕೈಜಾರುವುದೇಕೆ?
– ಓದುಗರು, ಮೈಸೂರು

ಉತ್ತರ: ಎದುರಾಳಿಯ ಇಬ್ಬರನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ, ಇಡೀ ಆಟದ ಗುಟ್ಟು ಅಲ್ಲಿದೆ. ಆ ಇಬ್ಬರಿಗೆ ಮೀಸಲಾಗಬೇಕಿದ್ದ ನಮ್ಮವರು ಮುಂದೆ ಹೋಗಿ ಬೇರೆಯವರನ್ನು ತಡೆಯುತ್ತಾರೆ. ಭಾರಿ ಮೈಕಟ್ಟಿನ ಆಟಗಾರರು ಸಿಗದ ಅಕಾಡೆಮಿಗೆ ಇದು ಒಗ್ಗುವುದು ಇದೇ ಕಾರಣಕ್ಕೆ.

ಚೆಂಡು ಯಾರ ಕೈಗೆ ಹೋಗಬೇಕೆಂಬುದಕ್ಕೆ ಮೂರು ಆಯ್ಕೆ, ಅದಕ್ಕೇ ಆ ಹೆಸರು. ಚೆಂಡು ಕೈಗೆ ಬಂದ ಕೂಡಲೇ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಅದನ್ನು ಹಿಂದಿನಿಂದ ನುಗ್ಗುವ ಫುಲ್‌ಬ್ಯಾಕ್‌ನ ಹೊಟ್ಟೆಗೆ ಒಡ್ಡುತ್ತಾನೆ, ಕಣ್ಣು ಮಾತ್ರ ತಡೆಯದೆ ಬಿಟ್ಟ ಮೊದಲ ಎದುರಾಳಿಯ ಮೇಲೆ. ಅವನು ಫುಲ್‌ಬ್ಯಾಕ್ ಕಡೆ ಒಳಗೆ ಸರಿದರೆ ಚೆಂಡು ಎಳೆದುಕೊಂಡು ಹೊರಗೆ ಓಡಬೇಕು; ನಿಂತಲ್ಲೇ ನಿಂತರೆ ಕೊಟ್ಟುಬಿಡಬೇಕು. ಹೊರಗೆ ಓಡಿದಾಗ, ತಡೆಯದೆ ಬಿಟ್ಟ ಎರಡನೆಯವನು ಎದುರಾಗುತ್ತಾನೆ. ಅವನು ಮೇಲೆ ಬಿದ್ದರೆ, ಜೊತೆಗೇ ಓಡಿಬರುವ ಸ್ಲಾಟ್‌ಬ್ಯಾಕ್‌ಗೆ ಚೆಂಡು ಎಸೆಯಬೇಕು; ಅವನು ಸ್ಲಾಟ್‌ಬ್ಯಾಕ್‌ನನ್ನು ಕಾಯುತ್ತಿದ್ದರೆ ತಾನೇ ಒಳಗೆ ತಿರುಗಿ ಮುನ್ನುಗ್ಗಬೇಕು. ಸ್ಲಾಟ್‌ಬ್ಯಾಕ್ ನಾಲ್ಕೈದು ಗಜ ದೂರದಲ್ಲಿ, ಒಂದು ಹೆಜ್ಜೆ ಹಿಂದೆ ಇರಬೇಕು. ಹತ್ತಿರ ಬಂದರೆ ಒಬ್ಬನೇ ಎದುರಾಳಿ ಇಬ್ಬರನ್ನೂ ಹಿಡಿಯುತ್ತಾನೆ. ಮುಂದೆ ಹೋದರೆ ಎಸೆತ ಮುಂದಕ್ಕೆ ಹೋಗಿ ನಿಯಮಭಂಗವಾಗುತ್ತದೆ.

ಕೈಜಾರುವುದು ಹೆಚ್ಚಾಗಿ ಮೊದಲ ಹೆಜ್ಜೆಯಲ್ಲೇ. ಕ್ವಾರ್ಟರ್‌ಬ್ಯಾಕ್ ತಡವಾಗಿ ನಿರ್ಧರಿಸುತ್ತಾನೆ, ಫುಲ್‌ಬ್ಯಾಕ್ ಅವಸರಕ್ಕೆ ಬಿಗಿಯಾಗಿ ಅಪ್ಪಿಕೊಳ್ಳುತ್ತಾನೆ, ಎಳೆದಾಟದಲ್ಲಿ ಚೆಂಡು ನೆಲಕ್ಕೆ. ಫುಲ್‌ಬ್ಯಾಕ್ ತೋಳುಗಳಲ್ಲಿ ಜಾಗ ಮಾಡಿಕೊಟ್ಟು, ಚೆಂಡನ್ನು ಪೂರ್ತಿ ಬಿಟ್ಟುಕೊಟ್ಟ ಮೇಲಷ್ಟೇ ಮುಚ್ಚಬೇಕು. ಇಬ್ಬರ ಈ ಹೊಂದಾಣಿಕೆ ಸಾವಿರಾರು ಸಲ ಮಾಡಿದರೇ ಬರುವುದು. ಹೊಸ ಕೋಚ್‌ನ ಮೊದಲ ಸೀಸನ್‌ನಲ್ಲಿ ಎಡವಟ್ಟು ಹೆಚ್ಚಲು ಇದೂ ಒಂದು ಕಾರಣ.

ಪ್ರಶ್ನೆ: ನಾಲ್ಕನೇ ಯತ್ನದಲ್ಲಿ ಉಳಿದವರು ಚೆಂಡು ಒದ್ದು ದೂರ ಕಳಿಸುತ್ತಾರೆ. ಆರ್ಮಿ ಮಾತ್ರ ಓಡುತ್ತದೆ. ಹುಚ್ಚು ಧೈರ್ಯವೇ?
– ಓದುಗರು, ಶಿವಮೊಗ್ಗ

ಉತ್ತರ: ಹುಚ್ಚಲ್ಲ, ಲೆಕ್ಕ. ಹತ್ತು ಗಜ ದಾಟಲು ನಾಲ್ಕು ಯತ್ನ. ಪ್ರತಿ ಓಟದಲ್ಲಿ ಮೂರು ಗಜ ಸಿಕ್ಕರೆ ಕೊನೆಗೆ ಒಂದೇ ಗಜ ಉಳಿಯುತ್ತದೆ, ಅದನ್ನು ಫುಲ್‌ಬ್ಯಾಕ್ ದಕ್ಕಿಸುತ್ತಾನೆ. ಮೇಲಾಗಿ ಓಡುವಾಗ ಗಡಿಯಾರ ನಿಲ್ಲುವುದು ಕಡಿಮೆ, ಎದುರಾಳಿಯ ದಾಳಿಪಡೆ ಬೆಂಚಿನ ಮೇಲೆ ಕೂತಿರುತ್ತದೆ. 2018ರಲ್ಲಿ ಒಕ್ಲಹಾಮ ಎದುರು 60 ನಿಮಿಷದ ಆಟದಲ್ಲಿ 44ಕ್ಕೂ ಹೆಚ್ಚು ನಿಮಿಷ ಚೆಂಡು ಆರ್ಮಿಯ ಬಳಿಯೇ ಇತ್ತು. ಹೆಚ್ಚುವರಿ ಅವಧಿಯಲ್ಲಷ್ಟೇ 28-21ರಿಂದ ಸೋತರು. ಕಷ್ಟ ಬರುವುದು ಎರಡು ಟಚ್‌ಡೌನ್ ಹಿಂದೆ ಬಿದ್ದಾಗ. ದೂರ ಎಸೆದು ಬೇಗ ಅಂಕ ಗಳಿಸುವ ಅಭ್ಯಾಸ ಈ ತಂಡಕ್ಕೆ ಕಡಿಮೆ.

ಪ್ರಶ್ನೆ: ನಿಯಮ ಬದಲಾಗಿ ಟ್ರಿಪಲ್ ಆಪ್ಷನ್ ಆಟದ ಕಾಲ ಮುಗಿಯಿತೆನ್ನುತ್ತಾರೆ. ನಿಜವೇ?
– ಓದುಗರು, ಬೆಂಗಳೂರು

ಉತ್ತರ: ಪೆಟ್ಟು ಬಿದ್ದದ್ದು ನಿಜ. ಸೊಂಟದ ಕೆಳಗೆ ತಡೆಯುವುದಕ್ಕೆ 2018ರಲ್ಲಿ, ಮತ್ತೆ 2022ರಲ್ಲಿ ಮಿತಿ ಹಾಕಿದರು. ಅಂಚಿನಲ್ಲಿ ಸಣ್ಣ ಆಟಗಾರರು ದೊಡ್ಡವರನ್ನು ಕೆಡವುತ್ತಿದ್ದುದು ಅದೇ ಉಪಾಯದಿಂದ. 2023ರಲ್ಲಿ ಮಾಂಕನ್ ಕ್ವಾರ್ಟರ್‌ಬ್ಯಾಕ್‌ನನ್ನು ಹಿಂದೆ ನಿಲ್ಲಿಸುವ ಶಾಟ್‌ಗನ್ ಪದ್ಧತಿಗೆ ಹೊರಳಿದರು, ಆರು ಗೆಲುವು ಆರು ಸೋಲಾಯಿತು. 2024ರಲ್ಲಿ ಹಳೆಯ ಪದ್ಧತಿಗೆ ಮತ್ತೆ ಹತ್ತಿರವಾದ ಆರ್ಮಿ 12 ಪಂದ್ಯ ಗೆದ್ದು, ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ತನ್ನ ಕಾನ್ಫರೆನ್ಸ್‌ನ (ಕಾಲೇಜು ತಂಡಗಳ ಗುಂಪಿನ) ಚಾಂಪಿಯನ್ ಆಯಿತು. ಆದರೆ ಆ ವರ್ಷ ನೇವಿ ಎದುರು 31-13ರಿಂದ ಸೋತಿತು.