ಸೊಟ್ಟ ಹಾಳೆ ಹೋದರೆ ಹೋಗಲಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಏಳು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಶಿವಮೊಗ್ಗದ ಹತ್ತಿರ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ನಾಲ್ಕು ವರ್ಷದಿಂದ ಸೇಫ್ಟಿ ಟ್ರೈನಿಂಗ್ ಕೊಡುವ ಕೆಲಸ ಅವರದು. ಪತ್ರದ ತಿರುಳು ಇಷ್ಟು:

“ರಾತ್ರಿ ಪಾಳಿ ಮುಗಿಸಿ ಬಂದವರನ್ನು ಕೂರಿಸಿ ಒಂದು ಗಂಟೆ ಪಾಠ ಮಾಡುತ್ತೇನೆ. ಹತ್ತು ನಿಮಿಷಕ್ಕೆ ಅರ್ಧ ಜನ ನಿದ್ದೆ. ಮ್ಯಾನೇಜ್‌ಮೆಂಟಿಗೆ ಬೇಕಾಗಿರುವುದು ಸಹಿ ಮತ್ತು ಒಂದು ಫೋಟೋ. ಹೊರಗೆ ಹೋದರೆ ಮತ್ತೆ ಅದೇ ಚಪ್ಪಲಿ, ಕುತ್ತಿಗೆಗೆ ಅದೇ ಟವೆಲ್ಲು. ಎಷ್ಟು ಹೇಳಿದರೂ ಇವರಿಗೆ ಬುದ್ಧಿ ಬರಲ್ಲ. ಏನಾದರೂ ಆದಾಗ ಮಾತ್ರ ‘ಟ್ರೈನಿಂಗ್ ಕೊಟ್ಟಿರಲಿಲ್ವಾ?’ ಅಂತ ನನ್ನನ್ನು ಕೇಳುತ್ತಾರೆ. ಬಿಟ್ಟು ಬಾ, ತೋಟ ನೋಡ್ಕೋ ಅಂತ ಅಮ್ಮ ಹೇಳುತ್ತಿದ್ದಾರೆ. ನಾನು ಮಾಡುತ್ತಿರುವುದು ಕೆಲಸವಾ, ಬರೀ ನಾಟಕವಾ? ನೀವೇ ಹೇಳಿ.”

ಪ್ರಿಯ ಓದುಗರೆ,

ನಿಮ್ಮ ಪತ್ರದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ವಿಷಯ ಅಲ್ಲ, ಹಾಳೆ. ಹಾಜರಿ ಪಟ್ಟಿಯ ಹಿಂದಿನ ಮಗ್ಗುಲಲ್ಲಿ ಬರೆದಿದ್ದೀರಿ. ಕಿಟಕಿಯ ಬೆಳಕಿಗೆ ಹಿಡಿದರೆ ಆಚೆ ಕಡೆಯ ಸಹಿಗಳು ಕಾಣುತ್ತವೆ. ಮೂರನೇ ಪುಟದ ಹಿಂದೆ 26 ಸಹಿ ಇವೆ. ಅದರಲ್ಲಿ ಒಂಬತ್ತು ಒಂದೇ ಕೈಯವು. ಅದೇ ನೀಲಿ ಪೆನ್ನು, ಕೊನೆಯಲ್ಲಿ ಅದೇ ಬಾಲ. ನಲವತ್ತು ವರ್ಷ ಪ್ರೂಫ್ ನೋಡಿದ ಕಣ್ಣು, ಬೇಡ ಅಂದರೂ ಬಿಡುವುದಿಲ್ಲ. ಆದ್ದರಿಂದ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಕೊಟ್ಟುಬಿಡುತ್ತೇನೆ. ಆ ಪಟ್ಟಿ ನಾಟಕ, ಹೌದು. ನಿಮ್ಮ ಕೆಲಸ ನಾಟಕವಾ ಅನ್ನುವುದು ಬೇರೆ ಮಾತು. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ನಾನು 1984ರಲ್ಲಿ ಪತ್ರಿಕೆ ಕೆಲಸಕ್ಕೆ ಬಂದಾಗ ಅಕ್ಷರದ ಮೊಳೆ ಜೋಡಿಸಿ ಟ್ರೆಡಲ್ ಮಷೀನಿನಲ್ಲಿ ಅಚ್ಚು ಹಾಕುವ ಕಾಲ. ಟ್ರೆಡಲ್ ನೋಡಿದವರು ಈಗ ಕಡಿಮೆ. ಒಂದು ದೊಡ್ಡ ಬಾಯಿ ತೆರೆದು ಮುಚ್ಚುವ ಹಾಗೆ ಇರುತ್ತದೆ. ತೆರೆದಾಗ ಬಲಗೈಯಲ್ಲಿ ಹೊಸ ಹಾಳೆ ಇಡಬೇಕು, ಎಡಗೈಯಲ್ಲಿ ಅಚ್ಚಾದ ಹಾಳೆ ತೆಗೆಯಬೇಕು, ಅಷ್ಟರಲ್ಲಿ ಬಾಯಿ ಮುಚ್ಚುತ್ತದೆ. ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ಇದೇ ಆಟ. ನಮ್ಮ ಮಷೀನ್ ನಡೆಸುತ್ತಿದ್ದವರ ಬಲಗೈಯ ಎರಡು ಬೆರಳಿಗೆ ತುದಿ ಇರಲಿಲ್ಲ. ಹಿಂದೆ ಇನ್ನೊಂದು ಪ್ರೆಸ್ಸಿನಲ್ಲಿ ಹೋಗಿದ್ದು. ಹಾಳೆ ಸೊಟ್ಟ ಕೂತಿತ್ತಂತೆ, ನೇರ ಮಾಡಲು ಕೈ ಹಾಕಿದರಂತೆ. ಆ ಹಾಳೆ ಯಾವುದೋ ಮದುವೆಯ ಕರೆಯೋಲೆ. ದಿನಾಂಕ ಸಹ ನೆನಪಿಟ್ಟುಕೊಂಡಿದ್ದರು.

ಹೊಸ ಹುಡುಗ ಕೆಲಸಕ್ಕೆ ಬಂದರೆ ಅವರು ಕೂರಿಸಿ ಏನೂ ಹೇಳುತ್ತಿರಲಿಲ್ಲ. ಶಾಯಿ ಹಾಕದೆ ಮಷೀನ್ ನಿಧಾನಕ್ಕೆ ಓಡಿಸುತ್ತಿದ್ದರು. ಒತ್ತು ಬೀಳದ ಹಾಗೆ ಹಿಡಿ ಎಳೆದಿಟ್ಟಿರುತ್ತಿದ್ದರು. ಆಮೇಲೆ ಬೇಕೆಂದೇ ಒಂದು ಹಾಳೆ ಸೊಟ್ಟ ಇಡುವುದು. ಹುಡುಗನ ಕೈ ತನ್ನಷ್ಟಕ್ಕೆ ಅದರ ಹಿಂದೆ ಹೋಗುತ್ತಿತ್ತು. ಮಣಿಕಟ್ಟಿಗೆ ಮೆಲ್ಲಗೆ ಒಂದು ಏಟು. “ಸೊಟ್ಟ ಹೋದರೆ ಹೋಗಲಿ. ಹಾಳೆ ಧಣಿಯದ್ದು, ಕೈ ನಿಂದು.” ಮತ್ತೆ ಸೊಟ್ಟ ಹಾಳೆ, ಮತ್ತೆ ಏಟು. ಕೈ ಹಿಂದೆ ಹೋಗುವುದು ನಿಲ್ಲುವವರೆಗೆ. ಎರಡು ದಿನ, ಕೆಲವರಿಗೆ ಮೂರು.

ಆದರೆ ಈ ಕತೆಯ ಮುಖ್ಯ ಭಾಗ ಅದಲ್ಲ. ನನಗೆ ಅದು ಗೊತ್ತಾಗಿದ್ದು ತುಂಬಾ ವರ್ಷದ ಮೇಲೆ. ಅವರು ಕೆಲಸಕ್ಕೆ ಸೇರುವಾಗಲೇ ಯಜಮಾನರ ಹತ್ತಿರ ಒಂದು ಮಾತು ತೆಗೆದುಕೊಂಡಿದ್ದರು. ಹಾಳಾದ ಹಾಳೆಯ ಲೆಕ್ಕ ಹುಡುಗರ ಕೂಲಿಯಲ್ಲಿ ಹಿಡಿಯಬಾರದು. ಬೇರೆ ಪ್ರೆಸ್ಸುಗಳಲ್ಲಿ ಹಿಡಿಯುತ್ತಿದ್ದರು. ಅಲ್ಲಿಯೂ ಹುಡುಗರಿಗೆ “ಹುಷಾರು, ಕೈ ಹಾಕಬೇಡ” ಅಂತ ಹೇಳುತ್ತಿದ್ದರು, ಇಲ್ಲ ಅಂತಲ್ಲ. ಆದರೆ ಹಾಳೆ ಕೆಟ್ಟರೆ ದುಡ್ಡು ಹೋಗುತ್ತದೆ ಅಂತ ಗೊತ್ತಿದ್ದ ಕೈ ಬಾಯಿಮಾತು ಕೇಳುತ್ತಾ?

ನಿಮ್ಮ ಫೌಂಡ್ರಿಯಲ್ಲಿ ಸೊಟ್ಟ ಹಾಳೆ ಯಾವುದು ಅಂತ ಹುಡುಕಿ ಅನ್ನುವುದೇ ನನ್ನ ಉತ್ತರ. ಕೆಲಸ ನಿಲ್ಲಿಸಿದರೆ ಅದರ ನಷ್ಟ ಯಾರ ತಲೆಗೆ ಬರುತ್ತದೆ? ಅದು ಕೆಲಸಗಾರನ ತಲೆಗೇ ಬರುವ ಹಾಗಿದ್ದರೆ ನೀವು ಎಷ್ಟು ಚೆನ್ನಾಗಿ ಪಾಠ ಮಾಡಿದರೂ ಅಷ್ಟೇ.

ನಿಮ್ಮದೇ ಪತ್ರದಿಂದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಫರ್ನೇಸಿಗೆ ಒದ್ದೆ ಸ್ಕ್ರ್ಯಾಪ್ (ಗುಜರಿ ಕಬ್ಬಿಣ) ಹಾಕಬೇಡಿ ಅಂತ ಹೇಳಿ ಹೇಳಿ ಸಾಕಾಯಿತು ಅಂದಿದ್ದೀರಿ. ಓದುಗರಿಗಾಗಿ ಎರಡು ಮಾತು: ಕರಗಿದ ಕಬ್ಬಿಣ 1,300 ಡಿಗ್ರಿಗೂ ಮೇಲೆ ಕಾದಿರುತ್ತದೆ. ನೀರು ಆವಿಯಾದರೆ 1,600 ಪಟ್ಟು ಹಿಗ್ಗುತ್ತದೆ. ಅಂದರೆ ಒಂದು ಚಮಚ ನೀರು ಎಂಟು ಲೀಟರ್ ಆವಿ. ಆ ನೀರು ಲೋಹದ ಮೇಲೆ ಬಿದ್ದರೆ ಬುಸ್ ಅಂದು ಹೋಗಬಹುದು. ಲೋಹದ ಒಳಗೆ ಸಿಕ್ಕಿಕೊಂಡರೆ ಮೇಲಿದ್ದ ಕಬ್ಬಿಣವನ್ನೇ ಎತ್ತಿ ಎಸೆಯುತ್ತದೆ. ಬಾಯಿ ಮುಚ್ಚಿದ ಪೈಪಿನ ತುಂಡು, ಹಳೇ ಬೈಕಿನ ಶಾಕ್ ಅಬ್ಸಾರ್ಬರ್ ಇನ್ನೂ ಕೆಟ್ಟವು. ಹೊರಗೆ ಒಣಗಿದ್ದರೂ ಒಳಗೆ ನೀರೋ ಎಣ್ಣೆಯೋ ಇರುತ್ತದೆ.

ಇದನ್ನು ನೀವು ಪರದೆಯ ಮೇಲೆ ಚಿತ್ರ ಹಾಕಿ ತೋರಿಸುತ್ತೀರಿ. ಸರಿ. ಆದರೆ ಹಪ್ಪಳ ಕರಿಯುವಾಗ ಕಾದ ಎಣ್ಣೆಗೆ ಒಂದು ಹನಿ ನೀರು ಬಿದ್ದರೆ ಏನಾಗುತ್ತದೆ ಅಂತ ಅಲ್ಲಿ ಕೂತಿರುವ ಎಲ್ಲರಿಗೂ ಗೊತ್ತು, ಬಿಹಾರದಿಂದ ಬಂದ ಹುಡುಗನಿಗೂ ಗೊತ್ತು. ತಿಳಿಯದೆ ಯಾರೂ ಒದ್ದೆ ಸ್ಕ್ರ್ಯಾಪ್ ಹಾಕುತ್ತಿಲ್ಲ. ಸ್ಕ್ರ್ಯಾಪ್ ಇಡುವ ಯಾರ್ಡಿಗೆ ಸೂರಿಲ್ಲ. ಟಾರ್ಪಾಲು ಹರಿದಿದೆ. ಆರು ಗಂಟೆಗೆ ಕರಗಿ ರೆಡಿಯಾಗಬೇಕು. ಒಣಗಿಸಿ ಹಾಕ್ತೀನಿ ಅಂದರೆ ಸೂಪರ್‌ವೈಸರ್ ಬೈಯುತ್ತಾರೆ. ಇಷ್ಟನ್ನೂ ನೀವೇ ಬರೆದಿದ್ದೀರಿ. ಬರೆದು, ಕೆಳಗೆ “ಇವರಿಗೆ ಬುದ್ಧಿ ಬರಲ್ಲ” ಅಂತಲೂ ಬರೆದಿದ್ದೀರಿ! ನನಗೇನೋ ಅಲ್ಲಿ ಬುದ್ಧಿಗಿಂತ ಜಾಸ್ತಿ ಬೇಕಾಗಿರುವುದು ನಾಲ್ಕು ಕಂಬ ಮತ್ತು ಒಂದಿಷ್ಟು ಶೀಟು ಅನಿಸುತ್ತದೆ. ಮಲೆನಾಡಿನಲ್ಲಿ ಕಟ್ಟಿಗೆಗೇ ಸೂರು ಕಟ್ಟುತ್ತೇವೆ, ಮಳೆಗಾಲಕ್ಕೆ ಮೊದಲು ಸೌದೆ ಕೊಟ್ಟಿಗೆ ತುಂಬಿಸದ ಮನೆ ನಿಮ್ಮೂರಲ್ಲಿ ಇದೆಯಾ?

ಚಪ್ಪಲಿಯದೂ ಇದೇ ಕತೆ. ಎರಡನೇ ಪುಟದಲ್ಲಿ ಚಪ್ಪಲಿ ಹಾಕಿಕೊಂಡು ಬರುತ್ತಾರೆ ಅಂತ ಸಿಟ್ಟು. ಐದನೇ ಪುಟದಲ್ಲಿ, ಬೂಟು ತರಿಸಿದಾಗ ಎಂಟು ಮತ್ತು ಒಂಬತ್ತು ನಂಬರು ಮಾತ್ರ ಬಂದವು ಅಂತ ಮಾಹಿತಿ. ಆರು ನಂಬರಿನ ಕಾಲಿಗೆ ಒಂಬತ್ತರ ಬೂಟು ಹಾಕಿ, ಕರಗಿದ ಕಬ್ಬಿಣ ತುಂಬಿದ ಲ್ಯಾಡಲ್ ಹಿಡಿದು ನಡೆಯುವುದು ಚಪ್ಪಲಿಗಿಂತ ಅಪಾಯ, ಅಲ್ವಾ? ಹೆಲ್ಮೆಟ್ಟು, ಬೂಟು, ಗ್ಲೌಸು ಇವೆಲ್ಲ ಕೊನೆಯ ಮೆಟ್ಟಿಲು ಅಂತ ನಿಮ್ಮ ಕೋರ್ಸಿನಲ್ಲೇ ಹೇಳಿಕೊಟ್ಟಿರುತ್ತಾರೆ. ಮೊದಲು ಅಪಾಯವನ್ನೇ ತೆಗೆಯಲು ಆಗುತ್ತದಾ ನೋಡಬೇಕು, ಆಗದಿದ್ದರೆ ಬೇರೆ ಸಾಮಾನು, ಬೇರೆ ವಿಧಾನ, ಗಾರ್ಡು, ತಡೆ. ಆಮೇಲೆ ನಿಯಮ. ಎಲ್ಲ ಆದ ಮೇಲೆ ಮೈಮೇಲೆ ಹಾಕುವ ಸಾಮಾನು. ನಮ್ಮಲ್ಲಿ ತಲೆಕೆಳಗೆ, ಏಕೆಂದರೆ ಹೆಲ್ಮೆಟ್ಟು ಅಗ್ಗ, ಮತ್ತೆ ಫೋಟೋದಲ್ಲಿ ಕಾಣುತ್ತದೆ. ಗ್ಲೌಸಂತೂ ಎಲ್ಲ ಕಡೆ ಒಳ್ಳೆಯದೂ ಅಲ್ಲ. ತಿರುಗುವ ಡ್ರಿಲ್ಲಿನ ಹತ್ತಿರ ಗ್ಲೌಸ್ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ. ಟವೆಲ್ಲಿನ ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಪಕ್ಷ. ಅದನ್ನು ಗೇಟಿನಲ್ಲೇ ಬಿಚ್ಚಿಸಿ.

ನಿದ್ದೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಂಟು ಗಂಟೆ ಬೆಂಕಿಯ ಮುಂದೆ ನಿಂತು ಬಂದವರು ಫ್ಯಾನಿನ ಕೆಳಗೆ ಕೂತರೆ ನಿದ್ದೆ ಮಾಡುತ್ತಾರೆ, ನಾನಾದರೂ ಮಾಡುತ್ತೇನೆ. ಆ ಕ್ಲಾಸು ತೆಗೆದುಹಾಕಿ. ಪಾಳಿ ಶುರುವಾಗುವ ಮೊದಲು ಮಷೀನಿನ ಪಕ್ಕದಲ್ಲೇ ನಿಂತು ಐದು ನಿಮಿಷ, ಒಂದೇ ವಿಷಯ. ಗ್ರೈಂಡಿಂಗ್ ಚಕ್ರ ತೆಗೆದುಕೊಳ್ಳಿ. ಹೊಸ ಚಕ್ರ ಹಾಕುವ ಮೊದಲು ನೇತುಹಾಕಿ, ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಬೇಕು. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ, ಬಿರುಕಿದ್ದರೆ ದಬ್ ಅನ್ನುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿ ಬೆರಳು ಮಡಿಸಿ ತಟ್ಟುತ್ತಿದ್ದದ್ದು ಇದೇ. ಒಂದು ಒಳ್ಳೆಯ ಚಕ್ರ, ಒಂದು ಬಿರುಕಿನದು ಇಟ್ಟುಕೊಂಡು ಹೋಗಿ, ಒಬ್ಬೊಬ್ಬರ ಕೈಗೂ ಕೊಟ್ಟು ತಟ್ಟಿಸಿ. ಭಾಷೆಯೇ ಬೇಡ. ಒಡಿಶಾದವರು ಕನ್ನಡ ತಿಳಿಯುವುದಿಲ್ಲ ಅಂತ ನೀವು ಕೊರಗಿದ್ದೀರಲ್ಲ, ಠಣ್ ಮತ್ತು ದಬ್ ಎಲ್ಲ ಭಾಷೆಯಲ್ಲೂ ಒಂದೇ. ಕ್ರೇನಿನ ಸನ್ನೆಗಳೂ ಹಾಗೆ. “ನಿಲ್ಲಿಸು” ಅನ್ನುವ ಸನ್ನೆಯನ್ನು ಯಾರು ಮಾಡಿದರೂ ಆಪರೇಟರ್ ನಿಲ್ಲಿಸಲೇಬೇಕು, ನಿನ್ನೆ ಬಂದ ಹೆಲ್ಪರ್ ಮಾಡಿದರೂ. ಈ ಒಂದು ನಿಯಮ ನನಗೆ ತುಂಬಾ ಇಷ್ಟ. ನಮ್ಮ ಆಫೀಸುಗಳಲ್ಲಿಯೂ ಇರಬೇಕಿತ್ತು.

ಈಗ ಮ್ಯಾನೇಜ್‌ಮೆಂಟಿನ ವಿಷಯ. ನಾನು ಕೆಲಸಕ್ಕೆ ಸೇರಿದ ವರ್ಷವೇ, ಡಿಸೆಂಬರಿನಲ್ಲಿ, ಭೋಪಾಲದ ಅನಿಲ ದುರಂತ ಆಯಿತು. ಅದರ ಸುದ್ದಿಗೆ ಮೊಳೆ ಜೋಡಿಸಿದ್ದು ನೆನಪಿದೆ. ಆಮೇಲೆ 1987ರಲ್ಲಿ 1948ರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಕೆಲಸದ ಅಪಾಯದ ಬಗ್ಗೆ ಮಾಹಿತಿ ಕೇಳುವುದು, ತರಬೇತಿ ಪಡೆಯುವುದು ಕೆಲಸಗಾರನ ಹಕ್ಕು ಅಂತ 111ಎ ಕಲಮಿನಲ್ಲಿ ಬರೆದರು. ಮಾಲೀಕರ ದಯೆ ಅಲ್ಲ, ಹಕ್ಕು. ಇನ್ನೊಂದು ಕಡೆ ಅದೇ ಕಾಯ್ದೆ ಸೇಫ್ಟಿ ಆಫೀಸರ್ ಕಡ್ಡಾಯ ಮಾಡಿದ್ದು 1,000 ಜನ ಇರುವ ಕಾರ್ಖಾನೆಗೆ. ಕೆಲಸದ ಸುರಕ್ಷತೆಯ ಬಗ್ಗೆ ಬಂದ 2020ರ ಹೊಸ ಸಂಹಿತೆಯಲ್ಲಿ ಅದು 500ಕ್ಕೆ ಇಳಿದಿದೆ, ಅಪಾಯಕಾರಿ ಕೆಲಸವಾದರೆ 250ಕ್ಕೆ. ನಮ್ಮ ಜಿಲ್ಲೆಯ ಎಷ್ಟೋ ಶೆಡ್ಡುಗಳಲ್ಲಿ ಐವತ್ತು ಅರವತ್ತು ಜನ. ಅಲ್ಲಿ ಇರುವುದು ನಿಮ್ಮಂಥವರೊಬ್ಬರೇ, ಅದೂ ಇದ್ದರೆ.

ಹಾಗಾಗಿ ಕಾಯ್ದೆ ಪುಸ್ತಕ ಹಿಡಿದು ಜಗಳಕ್ಕೆ ಹೋಗಿ ಅನ್ನುವುದಿಲ್ಲ. ಸಂಬಳ ಅವರೇ ಕೊಡುವುದು, ಗೊತ್ತು. ಆದರೆ ಹಾಜರಿ ಪಟ್ಟಿಯ ಪಕ್ಕದಲ್ಲಿ ನಿಮ್ಮದೇ ಒಂದು ನೋಟ್‌ಬುಕ್ ಇಡಿ. ಕೂದಲೆಳೆಯಲ್ಲಿ ತಪ್ಪಿದ ಅಪಾಯಗಳನ್ನೆಲ್ಲ ಬರೆಯಿರಿ: ದಿನಾಂಕ, ಹೊತ್ತು, ಏನಾಯಿತು, ಏನು ಆಗಬಹುದಿತ್ತು. ಯಾರ ಹೆಸರೂ ಬೇಡ. ಹೆಸರು ಬರೆದರೆ ನಾಳೆಯಿಂದ ಯಾರೂ ಹೇಳುವುದಿಲ್ಲ. ತಿಂಗಳಿಗೊಮ್ಮೆ ಅದನ್ನು ಮೇಲ್ಗಡೆಯವರಿಗೆ ಬರವಣಿಗೆಯಲ್ಲಿ ಕೊಟ್ಟು, ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಸಹಿ ಮಾಡಿಸುವುದರಲ್ಲಿ ನೀವು ಹೇಗೂ ಪಳಗಿದ್ದೀರಿ. “ಟ್ರೈನಿಂಗ್ ಕೊಟ್ಟಿರಲಿಲ್ವಾ?” ಅಂತ ಕೇಳಿದ ದಿನ, “ಸೂರು ಕೇಳಿದ್ದೆ ಸರ್, ಜೂನ್ ನಾಲ್ಕಕ್ಕೆ” ಅನ್ನಬಹುದು.

ಒಂದು ವಿಷಯದಲ್ಲಿ ನಿಮ್ಮ ಮಾತು ನನ್ನನ್ನು ಹೆದರಿಸಿತು. ಕಾರ್ಖಾನೆಯ ಗುಂಡಿಗೆ ಇಳಿಯುವ ಮೊದಲು ಊರಿನ ಬಾವಿಗೆ ಮಾಡುವ ಹಾಗೆ ದೀಪ ಇಳಿಸಿ ನೋಡಿದೆವು ಅಂತ ಬರೆದಿದ್ದೀರಿ. ದಯವಿಟ್ಟು ಬೇಡ. ಆ ದೀಪ ಆರಿದರೆ ಆಮ್ಲಜನಕ ಕಡಿಮೆ ಅಂತ ತಿಳಿಯುತ್ತದೆ, ಅಷ್ಟೇ. ಆರದೆ ಇದ್ದರೆ ಏನೂ ತಿಳಿಯುವುದಿಲ್ಲ. ಉರಿಯುವ ಅನಿಲ ಇದ್ದರೆ ದೀಪವೇ ಬೆಂಕಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೊತ್ತಾಗುತ್ತದೆ ಅಂತಲೂ ನಂಬಬೇಡಿ, ಆ ಅನಿಲ ಜಾಸ್ತಿ ಇದ್ದಾಗ ಮೂಗೇ ಸತ್ತು ವಾಸನೆ ನಿಂತುಹೋಗುತ್ತದೆ. ಒಳಗೆ ಬಿದ್ದವನನ್ನು ಎತ್ತಲು ಹಾಗೇ ಇಳಿದ ಎರಡನೆಯವನು, ಮೂರನೆಯವನು ಸತ್ತ ಸುದ್ದಿ ನಾನು ಎಷ್ಟು ಸಲ ಅಚ್ಚು ಹಾಕಿದ್ದೇನೋ ಲೆಕ್ಕ ಇಟ್ಟಿಲ್ಲ. ಅನಿಲ ಅಳೆಯುವ ಮೀಟರು ಇಲ್ಲದೆ ಯಾರನ್ನೂ ಇಳಿಸಬೇಡಿ. ಇದು ಸಲಹೆ ಅಲ್ಲ.

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ತಿರದ ಹುಣಸೋಡು ಕಲ್ಲು ಕ್ವಾರಿಯಲ್ಲಿ ಸ್ಫೋಟ ಆದಾಗ ನಮ್ಮನೆ ಕಿಟಕಿಯೂ ನಡುಗಿತು. ಭೂಕಂಪ ಅಂತ ಬೀದಿಯವರೆಲ್ಲ ಹೊರಗೆ ಬಂದಿದ್ದೆವು. ಆಮೇಲೆ ಒಂದು ತಿಂಗಳು ಎಲ್ಲರ ಬಾಯಲ್ಲೂ ಸುರಕ್ಷತೆಯೇ. ನಮ್ಮ ಪತ್ರಿಕೆಯಲ್ಲೂ ಬರೆದೆವು, ಆಮೇಲೆ ನಿಲ್ಲಿಸಿದೆವು. ಆ ತಪ್ಪು ನಮ್ಮದು, ಅದಕ್ಕೇ ನಿಮ್ಮ ಪತ್ರಕ್ಕೆ ಇಷ್ಟು ಜಾಗ ಕೊಟ್ಟಿದ್ದೇನೆ.

ಇನ್ನು ಅಮ್ಮನ ಮಾತು. ಅವರ ಮಾತಿಗೆ ಎದುರು ಹೇಳುವಷ್ಟು ದೊಡ್ಡವನಲ್ಲ ನಾನು. ಆದರೆ ತೋಟಕ್ಕೆ ಹೋದರೆ ಈ ಕೆಲಸ ಬಿಟ್ಟ ಹಾಗೆ ಆಗುತ್ತದೆ ಅಂದುಕೊಂಡಿದ್ದರೆ ತಪ್ಪು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆಯಲ್ಲಿ ಜಾರುವ ಮರ ಹತ್ತುವವರು, ಕೊನೆ ತೆಗೆಯುವಾಗ ಮರದಿಂದ ಮರಕ್ಕೆ ವಾಲಿ ದಾಟುವವರು, ಕನ್ನಡಕ ಇಲ್ಲದೆ ಕಳೆ ಕೊಚ್ಚುವ ಯಂತ್ರ ಹಿಡಿದವರು, ಇವರಿಗೆಲ್ಲ ಯಾವ ಇಂಡಕ್ಷನ್ ಟ್ರೈನಿಂಗ್ ಆಗಿದೆ? ಈಗ ನೆಲದಲ್ಲೇ ನಿಂತು ಕೊನೆ ಇಳಿಸುವ ಕಾರ್ಬನ್ ಫೈಬರಿನ ದೋಟಿ ಬಂದಿದೆ. ಮರ ಹತ್ತುವುದು ತಪ್ಪಿತು, ಒಳ್ಳೆಯದೇ. ಆದರೆ ಅದು ಅಲ್ಯೂಮಿನಿಯಂ ಅಲ್ಲವಲ್ಲ, ಫೈಬರ್ ತಾನೇ, ಕರೆಂಟ್ ಹೊಡೆಯಲ್ಲ ಅಂತ ನನ್ನ ಭಾವನೇ ವಾದ ಮಾಡಿದರು. ಕಾರ್ಬನ್ ಫೈಬರಿನಲ್ಲೂ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ಲೈನ್ ಹಾದುಹೋಗಿದ್ದರೆ ಆ ಉದ್ದದ ದೋಟಿ ತಂತಿಗೆ ತಾಗಲು ಒಂದು ಗಳಿಗೆ ಸಾಕು. ನಾನು ಹೇಳಿದರೆ ಭಾವ ನಂಬಲಿಲ್ಲ. ಪತ್ರಿಕೆಯವರಿಗೆ ಏನು ಗೊತ್ತು ಅಂದರು.

ನೀವು ಹೇಳಿದರೆ ನಂಬುತ್ತಾರೆ. ಕೊನೆಕೊಯ್ಲು ಶುರುವಾಗುವ ಮುಂಚಿನ ಸಂಚಿಕೆಗೆ ದೋಟಿ ಮತ್ತು ಕಳೆ ಯಂತ್ರದ ಬಗ್ಗೆ ಒಂದು ಲೇಖನ ಬರೆದುಕೊಡಿ. ಎರಡು ಪುಟ ಸಾಕು, ಏಳು ಬೇಡ. ನಿಮ್ಮ ಪತ್ರದ ಹಾಳೆಗಳನ್ನು ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ, ಕಾರ್ಖಾನೆಯ ದಾಖಲೆ ನಮ್ಮಲ್ಲಿ ಇರುವುದು ಸರಿಯಲ್ಲ. ಲೇಖನವನ್ನು ಬಿಳಿ ಹಾಳೆಯಲ್ಲೇ ಬರೆಯಿರಿ. ಇಲ್ಲದಿದ್ದರೆ ನಮ್ಮ ಟೈಪ್ ಮಾಡುವ ಹುಡುಗ ಈ ಕಡೆ ಬಿಟ್ಟು ಆಚೆ ಕಡೆಯ ಸಹಿಗಳನ್ನೇ ಓದುತ್ತಾ ಕೂರುತ್ತಾನೆ.

— ಸಂಪಾದಕ